ಎರವಲು ಪುಸ್ತಕದಿಂದ ಮನಸ್ಸು ಓದುವ ಪ್ರದರ್ಶನ: ಮಾಡುವ ಬಗೆ

ಪ್ರೇಕ್ಷಕರಿಂದಲೇ ಪುಸ್ತಕ ಪಡೆದು, ಅದರ ಯಾವುದೋ ಪುಟದಲ್ಲಿ ಒಬ್ಬರು ಓದಿ ಮನಸ್ಸಿನಲ್ಲಿಟ್ಟುಕೊಂಡ ಪದವನ್ನು ಎಲ್ಲರೆದುರು ಹೇಳಿಬಿಡುವ ಪ್ರದರ್ಶನಕ್ಕೆ ಜಾದೂಗಾರರು 'ಬುಕ್ ಟೆಸ್ಟ್' ಎನ್ನುತ್ತಾರೆ. ಇದಕ್ಕೆಂದೇ ಗುಟ್ಟಾಗಿ ಮುದ್ರಿಸಿದ ಪುಸ್ತಕಗಳು ಮಾರಾಟಕ್ಕಿವೆ. ಅವುಗಳಿಂದ ಕೆಲಸ ಹಗುರವಾಗುತ್ತದೆ, ಆದರೆ ಪ್ರದರ್ಶನ ಮುಗಿದ ಮೇಲೆ ಯಾರಾದರೂ "ಆ ಪುಸ್ತಕ ಒಮ್ಮೆ ಕೊಡಿ" ಎಂದು ಕೈ ಚಾಚಿದರೆ ಉತ್ತರವಿರುವುದಿಲ್ಲ. ಪುಸ್ತಕ ಪ್ರೇಕ್ಷಕರದೇ ಆಗಿದ್ದರೆ ಆ ಅನುಮಾನ ಹುಟ್ಟುವುದೇ ಇಲ್ಲ. ಆದ್ದರಿಂದ ಈ ಲೇಖನವು ಮೊದಲೇ ಸಿದ್ಧಪಡಿಸದ, ಎರವಲು ತಂದ ಸಾಮಾನ್ಯ ಪುಸ್ತಕಗಳಿಗೆ ಮಾತ್ರ ಸಂಬಂಧಿಸಿದ್ದು.

ಕಲಿಯುವ ಮೊದಲೇ ಒಂದು ಮಾತನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಪ್ರೇಕ್ಷಕರು ಪುಟ ತೆರೆದು ಪದವನ್ನು ನೆನೆಯುವ ಹೊತ್ತಿಗೆ ಪ್ರದರ್ಶಕನಿಗೆ ಆ ಪದ ಎಷ್ಟೋ ಮೊದಲೇ ಗೊತ್ತಾಗಿರುತ್ತದೆ. ತಿಳಿದುಕೊಂಡ ಕ್ಷಣಕ್ಕೂ ಹೇಳುವ ಕ್ಷಣಕ್ಕೂ ನಡುವೆ ಎಷ್ಟು ಅಂತರವಿದೆಯೋ, ಆ ಅಂತರದಲ್ಲಿ ಎಷ್ಟು ಸಹಜವಾದ ಸಂಗತಿಗಳು ನಡೆದಿವೆಯೋ, ಅಷ್ಟರ ಮಟ್ಟಿಗೆ ಪ್ರದರ್ಶನ ಗಟ್ಟಿಯಾಗುತ್ತದೆ. ಕೈಚಳಕಕ್ಕೆ ಇಲ್ಲಿ ಎರಡನೆಯ ಸ್ಥಾನ.

ಪುಸ್ತಕ ಕೇಳುವಾಗ

ಸಾಧ್ಯವಾದರೆ ಕಾರ್ಯಕ್ರಮದ ಆಹ್ವಾನದಲ್ಲಿಯೇ "ಬರುವಾಗ ನಿಮಗಿಷ್ಟವಾದ ಒಂದು ಪುಸ್ತಕ ತನ್ನಿ" ಎಂದು ಸೇರಿಸಲು ಸಂಘಟಕರನ್ನು ಕೋರಿಕೊಳ್ಳಿ. ಹತ್ತು ಹನ್ನೆರಡು ಪುಸ್ತಕಗಳು ಬಂದರೆ ಆರಿಸಿಕೊಳ್ಳಲು ಅವಕಾಶವಿರುತ್ತದೆ. ಸಭೆಯ ಕಣ್ಣಿಗೆ ನೀವು ಯಾದೃಚ್ಛಿಕವಾಗಿ ಮೂರು ಪುಸ್ತಕ ತೆಗೆದುಕೊಂಡಂತೆ ಕಾಣಬೇಕು. ವಾಸ್ತವದಲ್ಲಿ ಯಾವುದು ಬೇಡ ಎಂಬುದು ನಿಮಗೆ ಸ್ಪಷ್ಟವಾಗಿರಬೇಕು.

ಕವನ ಸಂಕಲನ ಬೇಡ. ಪುಟದ ತಲೆಯಲ್ಲಿ ಕವನದ ಶೀರ್ಷಿಕೆ ಇರುತ್ತದೆ, ಸಾಲುಗಳು ಚಿಕ್ಕವು, ಅರ್ಧ ಪುಟ ಖಾಲಿ. ನಿಘಂಟು, ಎರಡು ಕಾಲಮ್ಮಿನ ಪುಸ್ತಕ, ಚಿತ್ರಗಳೇ ತುಂಬಿದ ಮಕ್ಕಳ ಪುಸ್ತಕ ಇವೂ ಬೇಡ. ಒಳ್ಳೆಯದೆಂದರೆ 200ರಿಂದ 300 ಪುಟಗಳ ಕಾದಂಬರಿ ಅಥವಾ ಕಥಾ ಸಂಕಲನ, ಅದೂ ಒಂದೆರಡು ಬಾರಿ ಓದಿ ಬೆನ್ನು ಸ್ವಲ್ಪ ಸಡಿಲವಾದದ್ದು. ಹೊಚ್ಚ ಹೊಸ ಪುಸ್ತಕದ ಬೆನ್ನು ಬಿಗಿಯಾಗಿದ್ದು ಪುಟಗಳು ಹೆಬ್ಬೆರಳಿನಿಂದ ಒಂದೊಂದಾಗಿ ಬೀಳುವುದಿಲ್ಲ, ಐದಾರು ಹಾಳೆ ಒಟ್ಟಿಗೆ ಹಾರುತ್ತವೆ. ಹಾಗೆಂದು ಬೇರೆಯವರ ಪುಸ್ತಕದ ಬೆನ್ನನ್ನು ನೀವು ಮುರಿದು ಹದಗೊಳಿಸಲು ಹೋಗಬೇಡಿ. ಪುಸ್ತಕ ಕೊಟ್ಟವರು ಮೊದಲ ಸಾಲಿನಲ್ಲಿ ಕುಳಿತು ನಿಮ್ಮ ಕೈಯನ್ನೇ ನೋಡುತ್ತಿರುತ್ತಾರೆ.

ಪುಟಸಂಖ್ಯೆ ಎಲ್ಲಿದೆ ಎಂಬುದನ್ನು ಪುಸ್ತಕ ಕೈಗೆ ಬಂದ ಕೂಡಲೇ ಗಮನಿಸಿ. ಮೇಲಿನ ಹೊರ ಮೂಲೆಯಲ್ಲಿದ್ದರೆ ಸಂಖ್ಯೆಯೂ ಮೊದಲ ಸಾಲೂ ಒಂದೇ ನೋಟಕ್ಕೆ ಸಿಗುತ್ತವೆ. ಕೆಳಗೆ ನಡುವಿನಲ್ಲಿದ್ದರೆ ಕಣ್ಣು ಎರಡು ಕಡೆ ಓಡಬೇಕು. ಕನ್ನಡ ಅಂಕಿಗಳಲ್ಲಿ ಪುಟಸಂಖ್ಯೆ ಹಾಕಿದ ಪುಸ್ತಕವಾದರೆ ೬ ಮತ್ತು ೯ರ ನಡುವೆ ಅವಸರದಲ್ಲಿ ಎಡವುವ ಸಾಧ್ಯತೆ ಇದೆ, ಎಚ್ಚರ.

ಇಣುಕುನೋಟ

ಇಡೀ ಪ್ರದರ್ಶನದ ಅಡಿಪಾಯ ಇದು. ಮೂರು ಪುಸ್ತಕಗಳಲ್ಲಿ ಒಂದನ್ನು ಪ್ರೇಕ್ಷಕರ ಕೈಗೆ ಕೊಡುವ ಮುನ್ನ ಅದರ ಒಂದು ಪುಟದ ಸಂಖ್ಯೆಯನ್ನೂ ಆ ಪುಟದ ಮೊದಲ ಸಾಲನ್ನೂ ನೀವು ನೋಡಿ ನೆನಪಿಟ್ಟುಕೊಳ್ಳಬೇಕು. ಇದಕ್ಕೆ ಎರಡು ಸೆಕೆಂಡಿಗಿಂತ ಹೆಚ್ಚು ಸಮಯ ತೆಗೆದುಕೊಳ್ಳಬಾರದು. ಆ ಎರಡು ಸೆಕೆಂಡುಗಳಲ್ಲಿ ನಿಮ್ಮ ಬಾಯಿ ಮಾತನಾಡುತ್ತಲೇ ಇರಬೇಕು.

ಪುಸ್ತಕದ ಬೆನ್ನು ಎಡ ಅಂಗೈಯಲ್ಲಿ ಕೂರುವಂತೆ ಹಿಡಿಯಿರಿ. ಬಲ ಹೆಬ್ಬೆರಳಿನಿಂದ ಪುಟಗಳ ಹೊರ ಅಂಚನ್ನು ಬಾಗಿಸಿ ಸರಸರನೆ ಬಿಡುತ್ತ, "ಇದರಲ್ಲಿ ಇನ್ನೂರಕ್ಕೂ ಹೆಚ್ಚು ಪುಟಗಳಿವೆ, ಪುಟಕ್ಕೆ ಇನ್ನೂರು ಪದಗಳೆಂದರೂ ನಲವತ್ತು ಸಾವಿರ ಪದಗಳಾದವು" ಎಂಬ ರೀತಿಯ ಮಾತು ಹೇಳಿ. ಪುಟಗಳನ್ನು ತೋರಿಸಲು ನಿಮಗೆ ಕಾರಣ ಸಿಕ್ಕಿತು. ಸುಮಾರು ಅರ್ಧಕ್ಕೆ ಬಂದಾಗ ಹೆಬ್ಬೆರಳು ಒಂದು ಕ್ಷಣ ತಡೆಯುತ್ತದೆ, ಕಣ್ಣು ಪುಟಸಂಖ್ಯೆಯ ಮೇಲೆ ಹಾಯ್ದು ಮೊದಲ ಸಾಲಿಗೆ ಬರುತ್ತದೆ, ಮತ್ತೆ ಹೆಬ್ಬೆರಳು ಉಳಿದ ಪುಟಗಳನ್ನು ಬಿಡುತ್ತದೆ. ತಲೆ ಬಾಗಬಾರದು. ಪುಸ್ತಕವನ್ನು ಎದೆಯ ಎತ್ತರಕ್ಕೆ ಹಿಡಿದಿದ್ದರೆ ರೆಪ್ಪೆ ಇಳಿಸಿದರೆ ಸಾಕು.

ಉದಾಹರಣೆಗೆ, 136ನೆಯ ಪುಟ, ಮೊದಲ ಸಾಲು: "ಕಾಲುವೆಯ ದಂಡೆಯ ಮೇಲೆ ಅವಳು ಒಬ್ಬಳೇ". ಕೇವಲ "ಕಾಲುವೆ" ಎಂದು ನೆನಪಿಟ್ಟರೆ ಸಾಲದು. ಸಾಲಿನ ಚಿತ್ರವನ್ನೇ ಹಿಡಿದುಕೊಳ್ಳಿ: ನೀರು, ದಂಡೆ, ಒಂಟಿ ಹೆಂಗಸು. ಮುಂದೆ ಪದವನ್ನು ಬಿಡಿಸಿ ಹೇಳುವಾಗ ಈ ಚಿತ್ರವೇ ನಿಮ್ಮ ಬಂಡವಾಳ.

ಪುಟವನ್ನು ಆರಿಸುವಾಗ ನಾಲ್ಕು ಅಪಾಯಗಳನ್ನು ತಪ್ಪಿಸಬೇಕು. ಮೊದಲನೆಯದು, ಅನೇಕ ಪುಸ್ತಕಗಳಲ್ಲಿ ಪ್ರತಿ ಪುಟದ ನೆತ್ತಿಯ ಮೇಲೆ ಪುಸ್ತಕದ ಇಲ್ಲವೇ ಅಧ್ಯಾಯದ ಹೆಸರನ್ನು ಮುದ್ರಿಸಿರುತ್ತಾರೆ. "ಪುಟದ ಮೊದಲ ಪದ" ಎಂದು ನೀವು ಹೇಳಿದರೆ ಪ್ರೇಕ್ಷಕರು ಅದನ್ನೇ ಓದಿಕೊಳ್ಳುತ್ತಾರೆ. ಅಂಥ ಪುಸ್ತಕವಾದರೆ "ತಲೆಬರಹವನ್ನು ಬಿಟ್ಟು" ಎಂದು ಸೂಚಿಸುವುದನ್ನು ಮರೆಯಬೇಡಿ. ಎರಡನೆಯದು, ಅಧ್ಯಾಯ ಆರಂಭವಾಗುವ ಪುಟದಲ್ಲಿ ಎಷ್ಟೋ ಸಲ ಸಂಖ್ಯೆ ಇರುವುದೇ ಇಲ್ಲ. ಮೂರನೆಯದು, ಹಿಂದಿನ ಪುಟದ ಕೊನೆಯಲ್ಲಿ ಒಡೆದ ಪದದ ಬಾಲ ಈ ಪುಟದ ತಲೆಗೆ ಬಂದಿರುತ್ತದೆ. "ರುತ್ತಿದ್ದನು" ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಯಾರು ಏನನ್ನು ಕಲ್ಪಿಸಿಕೊಳ್ಳಬಲ್ಲರು? ನಾಲ್ಕನೆಯದು, "ಆದರೆ", "ಆಗ", "ಎಂದು" ಎಂಬಂಥ ಚಿತ್ರವಿಲ್ಲದ ಪದಗಳು. ಇವುಗಳಲ್ಲಿ ಯಾವುದೇ ಕಂಡರೂ ನಿಲ್ಲದೆ ಮುಂದಿನ ಪುಟಕ್ಕೆ ಹೋಗಿ. ಪುಟಗಳನ್ನು ಎರಡನೆಯ ಬಾರಿ ಸರಿಸಿದರೂ ಯಾರೂ ಲೆಕ್ಕ ಇಡುವುದಿಲ್ಲ.

ಅಭ್ಯಾಸಕ್ಕೆ ಮನೆಯ ಕಪಾಟಿನ ಪುಸ್ತಕಗಳೇ ಸಾಕು. ದಿನಕ್ಕೆ ಇಪ್ಪತ್ತು ಇಣುಕುನೋಟ, ಪ್ರತಿ ಬಾರಿಯೂ ಮಾತನ್ನು ಜೋರಾಗಿ ಹೇಳುತ್ತ. ಮೌನವಾಗಿ ಅಭ್ಯಾಸ ಮಾಡಿದವರು ವೇದಿಕೆಯಲ್ಲಿ ನೋಡುವ ಕ್ಷಣಕ್ಕೆ ಸರಿಯಾಗಿ ಮಾತು ನಿಲ್ಲಿಸಿಬಿಡುತ್ತಾರೆ, ಮತ್ತು ಸಭೆಗೆ ಆ ಮೌನ ಚೆನ್ನಾಗಿ ಕೇಳಿಸುತ್ತದೆ. ಓದುವ ಕನ್ನಡಕ ಬೇಕಾದವರು ಅದನ್ನು ಆರಂಭದಿಂದಲೇ ಹಾಕಿಕೊಂಡಿರಲಿ. ವೇದಿಕೆಯ ಬೆಳಕು ಎದುರಿನಿಂದ ಮಾತ್ರ ಬೀಳುತ್ತಿದ್ದರೆ ನಿಮ್ಮ ಕಡೆ ತಿರುಗಿದ ಪುಟ ನೆರಳಿನಲ್ಲಿರುತ್ತದೆ, ಆದ್ದರಿಂದ ಕಾರ್ಯಕ್ರಮಕ್ಕೆ ಮೊದಲೇ ಒಂದು ಪುಸ್ತಕ ಹಿಡಿದು ವೇದಿಕೆಯ ಮೇಲೆ ನಿಂತು ನೋಡಿಕೊಳ್ಳಿ. ಎರಡೂ ಕೈ ಬೇಕಾಗುವುದರಿಂದ ಕೈಯಲ್ಲಿ ಹಿಡಿಯುವ ಮೈಕು ಇಲ್ಲಿ ಶತ್ರು. ಕಾಲರಿಗೆ ಸಿಕ್ಕಿಸುವ ಮೈಕನ್ನು ಮೊದಲೇ ಕೇಳಿಕೊಳ್ಳಿ.

ಎರಡು ಪುಸ್ತಕ, ಇಬ್ಬರು ಪ್ರೇಕ್ಷಕರು

ಈಗ ವಿವರಿಸುವ ಕ್ರಮವನ್ನು 1960ರ ದಶಕದಲ್ಲಿ ಅಮೆರಿಕದ ಡೇವಿಡ್ ಹಾಯ್ ಪ್ರಸಿದ್ಧಗೊಳಿಸಿದರು. ಇದಕ್ಕಿಂತ ಸರಳವಾದ, ಇದಕ್ಕಿಂತ ದಿಟ್ಟವಾದ ಬುಕ್ ಟೆಸ್ಟನ್ನು ನಾನು ಕಂಡಿಲ್ಲ. ಮೊದಲ ಬಾರಿ ಕೇಳಿದವರು "ಇಷ್ಟೇನಾ?" ಎನ್ನುತ್ತಾರೆ. ಇಷ್ಟೇ.

ಇಣುಕಿ ನೋಡಿದ ಪುಸ್ತಕವನ್ನು ಸಭೆಯ ಹಿಂಭಾಗದಲ್ಲಿ ಕುಳಿತ ಒಬ್ಬರಿಗೆ ಕೊಡಿಸಿ. "ನಾನು ಹೇಳುವವರೆಗೆ ತೆರೆಯಬೇಡಿ, ಎರಡೂ ಕೈಗಳ ನಡುವೆ ಹಿಡಿದುಕೊಳ್ಳಿ" ಎನ್ನಿ. ಮೂರನೆಯ ಪುಸ್ತಕವನ್ನು ಇನ್ನೊಬ್ಬರಿಗೆ ಕೊಟ್ಟು ಸುಮ್ಮನೆ ಇಟ್ಟುಕೊಂಡಿರಲು ಹೇಳಿ. ಅದರಿಂದ ಕೆಲಸವೇನೂ ಇಲ್ಲ, ಆದರೆ ಪುಸ್ತಕಗಳು ಹೆಚ್ಚಿದ್ದಷ್ಟೂ ಯಾವುದರ ಮೇಲೆ ಕಣ್ಣಿಡಬೇಕೆಂದು ಸಭೆಗೆ ತಿಳಿಯುವುದಿಲ್ಲ, ಮುಂದೆ ಹೇಳುವಂತೆ ತೊಂದರೆಯಾದಾಗ ಅದೇ ನಿಮ್ಮ ಆಸರೆಯೂ ಆಗುತ್ತದೆ.

ಇಲ್ಲಿಗೆ ಸ್ವಲ್ಪ ನಿಲ್ಲಿ. ಪುಸ್ತಕ ತಂದವರನ್ನು ಮಾತನಾಡಿಸಿ, ಅದನ್ನು ಓದಿ ಮುಗಿಸಿದ್ದಾರೆಯೇ ಎಂದು ಕೇಳಿ, ಒಂದು ನಿಮಿಷ ಬೇರೆ ವಿಷಯಕ್ಕೆ ಹೋಗಿ. ಪುಟ ಸರಿಸಿದ್ದನ್ನು ಸಭೆ ಮರೆಯುವುದು ಈ ಒಂದು ನಿಮಿಷದಲ್ಲಿ.

ನಿಮ್ಮ ಬಳಿ ಉಳಿದ ಪುಸ್ತಕವನ್ನು ಹಿಡಿದು ಮುಂದಿನ ಸಾಲಿನ ಒಬ್ಬರ ಬಳಿ ಬನ್ನಿ. ಅವರು ನಿಮ್ಮ ಎದುರಿಗಿರಬೇಕು, ಪಕ್ಕದಲ್ಲಲ್ಲ. ಪುಟಗಳನ್ನು ಹೆಬ್ಬೆರಳಿನಿಂದ ಬಿಡುತ್ತಿರುವಾಗ ಅವರು ಎಲ್ಲಿ ಬೇಕಾದರೂ "ನಿಲ್ಲಿಸಿ" ಎನ್ನಲಿ. ನಿಲ್ಲಿಸಿದಲ್ಲಿ ಪುಸ್ತಕವನ್ನು ನಿಮ್ಮ ಕಡೆಗೆ ತೆರೆದು, ಪುಟಸಂಖ್ಯೆಯಿರುವ ಮೂಲೆಯನ್ನು ನಿಜವಾಗಿಯೂ ನೋಡಿ, "ನೂರ ಮೂವತ್ತಾರು" ಎಂದು ಹೇಳಿ ಪುಸ್ತಕವನ್ನು ಮುಚ್ಚಿಬಿಡಿ. ಅಲ್ಲಿ 121 ಇರಲಿ, 158 ಇರಲಿ, ನೀವು ಹೇಳುವುದು ಮೊದಲೇ ನೆನಪಿಟ್ಟ ಸಂಖ್ಯೆಯನ್ನೇ.

ಈ ಸುಳ್ಳು ನಿಲ್ಲುವುದು ಏಕೆಂದರೆ, ಆ ಕ್ಷಣದಲ್ಲಿ ಸಭೆಯ ದೃಷ್ಟಿಯಲ್ಲಿ ಇನ್ನೂ ಏನೂ ನಡೆದಿಲ್ಲ. ಪುಟಸಂಖ್ಯೆ ಅವರಿಗೆ ಒಂದು ವಿಳಾಸ ಮಾತ್ರ. ನಿಜವಾದ ಪುಸ್ತಕ ಇನ್ನೂ ಹಿಂದಿನ ಸಾಲಿನಲ್ಲಿ ಮುಚ್ಚಿಕೊಂಡೇ ಇದೆ. ಆದ್ದರಿಂದ ಸಂಖ್ಯೆ ಹೇಳುವಾಗ ಧ್ವನಿಯಲ್ಲಿ ಯಾವ ಒತ್ತೂ ಬೇಡ, ಬಸ್ಸಿನ ಹೊತ್ತು ಹೇಳಿದಷ್ಟು ಸಪ್ಪೆಯಾಗಿರಲಿ. ಹೇಳಿ ಮುಗಿಸುವ ಮೊದಲೇ ನಿಮ್ಮ ನೋಟ ಹಿಂದಿನ ಸಾಲಿನ ಪುಸ್ತಕದ ಕಡೆಗೆ ತಿರುಗಿರಬೇಕು, ಸಭೆಯ ನೋಟವೂ ಅದರ ಬೆನ್ನಿಗೇ ಹೋಗುತ್ತದೆ.

ಹೇಳುವ ಸಂಖ್ಯೆಗೂ ನಿಂತ ಜಾಗಕ್ಕೂ ಹೊಂದಿಕೆ ಇರಬೇಕು. 136ನೆಯ ಪುಟವೆಂದರೆ ಮೊದಲಿನಿಂದ 68 ಹಾಳೆ. 300 ಪುಟದ ಪುಸ್ತಕದಲ್ಲಿ ಅದು ಅರ್ಧಕ್ಕಿಂತ ಸ್ವಲ್ಪ ಹಿಂದೆ ಬರುತ್ತದೆ. ಪ್ರೇಕ್ಷಕರು ಆರಂಭದ ನಾಲ್ಕು ಹಾಳೆಯಲ್ಲೇ ನಿಲ್ಲಿಸಿದಾಗ ನೀವು 136 ಎಂದರೆ ಎದುರಿಗಿದ್ದವರ ಹುಬ್ಬು ಮೇಲೇರುತ್ತದೆ. ಇದನ್ನು ತಪ್ಪಿಸಲು, "ನಾನು ಪುಟಗಳನ್ನು ಬಿಡುತ್ತಾ ಹೋಗುತ್ತೇನೆ, ನೀವು ಬೇಕೆನಿಸಿದಾಗ ನಿಲ್ಲಿಸಿ ಎನ್ನಿ" ಎಂಬ ವಾಕ್ಯವನ್ನು ಹೇಳುತ್ತಿರುವಾಗಲೇ ಕಾಲು ಭಾಗದಷ್ಟು ಪುಟಗಳನ್ನು ಬಿಟ್ಟುಬಿಡಿ, ವಾಕ್ಯ ಮುಗಿದ ಮೇಲೆ ನಿಧಾನಿಸಿ. ಬಹುತೇಕರು ನಡುಭಾಗದಲ್ಲೇ ನಿಲ್ಲಿಸುತ್ತಾರೆ. ನಡುಭಾಗದ ಪುಟವನ್ನೇ ಇಣುಕಬೇಕೆಂದು ಮೇಲೆ ಹೇಳಿದ್ದೂ ಇದಕ್ಕಾಗಿಯೇ.

ಈ ಪಾಠವನ್ನು ನಾನು ಕಲಿತದ್ದು ಅವಮಾನದಿಂದ. ಆರಂಭದ ದಿನಗಳ ಒಂದು ಕಾರ್ಯಕ್ರಮದಲ್ಲಿ ದಪ್ಪ ಕಾದಂಬರಿಯೊಂದರ 212ನೆಯ ಪುಟವನ್ನು ಇಣುಕಿ, ಕೈಯಲ್ಲಿದ್ದ ತೆಳ್ಳಗಿನ ಪುಸ್ತಕವನ್ನು ತೆರೆದು ಗಂಭೀರವಾಗಿ "ಇನ್ನೂರ ಹನ್ನೆರಡು" ಎಂದೆ. ಎದುರಿಗಿದ್ದ ಹುಡುಗ "ಸಾರ್, ಅದು ನನ್ನದೇ ಪುಸ್ತಕ, ಅದರಲ್ಲಿ ಇರೋದೇ 160 ಪುಟ" ಎಂದ. ಸಭೆ ನಕ್ಕಿತು, ನಾನೂ ನಕ್ಕೆ. ನಗದೆ ಬೇರೆ ದಾರಿಯಿರಲಿಲ್ಲ. ಅಂದಿನಿಂದ ಇಣುಕಲು ತೆಳು ಪುಸ್ತಕ, ಕೈಯಲ್ಲಿ ಉಳಿಸಿಕೊಳ್ಳಲು ದಪ್ಪ ಪುಸ್ತಕ ಎಂಬ ನಿಯಮವನ್ನು ಮೀರಿಲ್ಲ.

ಪದವನ್ನು ಹೇಳುವ ಬಗೆ

ಹಿಂದಿನ ಸಾಲಿನವರು 136ನೆಯ ಪುಟ ತೆರೆದು, ಪುಟದ ಮೊದಲ ಸಾಲನ್ನು ಮೌನವಾಗಿ ಓದಿ, ಅದರ ಮೊದಲ ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ಪುಸ್ತಕವನ್ನು ಮುಚ್ಚಲಿ. ಸಾಲನ್ನು ಪೂರ್ತಿ ಓದಿಸುವುದು ಮುಖ್ಯ, ಏಕೆಂದರೆ ಅವರ ಮನಸ್ಸಿನಲ್ಲಿ ಈಗ ಪದದ ಜೊತೆಗೆ ಒಂದು ಸನ್ನಿವೇಶವೂ ಇದೆ.

ಇಲ್ಲಿ ಅವಸರ ಮಾಡಿದವರು ಎಲ್ಲವನ್ನೂ ಕೆಡಿಸುತ್ತಾರೆ. ತಟ್ಟನೆ "ಕಾಲುವೆ" ಎಂದರೆ ಚಪ್ಪಾಳೆ ಬೀಳಬಹುದು, ಆದರೆ ಪ್ರೇಕ್ಷಕರು ತಕ್ಷಣ ಹಿಂದಕ್ಕೆ ಹೋಗಿ "ಅವನಿಗೆ ಮೊದಲೇ ಗೊತ್ತಿತ್ತು" ಎಂದು ಸರಿಯಾಗಿಯೇ ಊಹಿಸುತ್ತಾರೆ. ಗೊತ್ತಿರುವುದನ್ನು ಗೊತ್ತಿಲ್ಲದವರಂತೆ ಹುಡುಕಬೇಕು. ಮೊದಲು ಚಿತ್ರ: "ತಂಪಾದದ್ದೇನೋ ಇದೆ... ಚಲಿಸುತ್ತಿದೆ... ಪಕ್ಕದಲ್ಲಿ ಯಾರೋ ಇದ್ದಾರೆ, ಒಬ್ಬರೇ." ಓದಿದವರ ಮುಖದಲ್ಲಿ ಬದಲಾವಣೆ ಕಾಣುತ್ತದೆ, ಸಭೆಗೂ ಅದು ಕಾಣುತ್ತದೆ. ಆ ಮುಖವೇ ನಿಮ್ಮ ನಿಜವಾದ ಪ್ರದರ್ಶನ, ಅದರ ಮುಂದೆ ಅಡ್ಡ ನಿಲ್ಲಬೇಡಿ. ಆಮೇಲೆ ಸಣ್ಣದೊಂದು ತಪ್ಪು ಮಾಡಿ: ಹಲಗೆಯ ಮೇಲೆ "ಹೊಳೆ" ಎಂದು ಬರೆಯಲು ಹೊರಟು, ಅಳಿಸಿ, "ಅಲ್ಲ, ಇದು ಮನುಷ್ಯರು ಮಾಡಿದ್ದು" ಎಂದು ತಿದ್ದಿಕೊಂಡು "ಕಾಲುವೆ" ಎಂದು ಬರೆಯಿರಿ. ಹಲಗೆಯನ್ನು ತಕ್ಷಣ ತಿರುಗಿಸಬೇಡಿ. ಮೊದಲು ಅವರು ಎದ್ದು ನಿಂತು ಪದವನ್ನು ಗಟ್ಟಿಯಾಗಿ ಹೇಳಲಿ.

ಕನ್ನಡ ಪುಸ್ತಕಗಳಲ್ಲಿ ಒಂದು ವಿಶೇಷ ತೊಡಕಿದೆ. ಪುಟದಲ್ಲಿ ಮುದ್ರಿತವಾಗಿರುವುದು "ಕಾಲುವೆಯ", ಪ್ರೇಕ್ಷಕರು ನೆನೆಯುವುದು "ಕಾಲುವೆ" ಆಗಿರಬಹುದು. ವಿಭಕ್ತಿ ಪ್ರತ್ಯಯವನ್ನು ಬಿಟ್ಟು ಮೂಲ ಪದವನ್ನೇ ಬರೆದರೆ ಎರಡಕ್ಕೂ ಹೊಂದುತ್ತದೆ. "ಮನೆಯಂಗಳದಲ್ಲಿ" ಎಂಬಂಥ ಸಂಧಿಯಾದ, ಸಮಾಸವಾದ ಪದ ಬಂದರೆ ಒಬ್ಬರು ಮನೆಯನ್ನೂ ಇನ್ನೊಬ್ಬರು ಅಂಗಳವನ್ನೂ ನೆನೆಯುತ್ತಾರೆ. ಅಂಥದ್ದನ್ನು ಇಣುಕುವಾಗಲೇ ಬಿಟ್ಟುಬಿಡುವುದು ಕ್ಷೇಮ. "ಎಷ್ಟು ಅಕ್ಷರ?" ಎಂದು ಎಂದಿಗೂ ಕೇಳಬೇಡಿ. ಒತ್ತಕ್ಷರವನ್ನು ಕೆಲವರು ಒಂದೆಂದು, ಕೆಲವರು ಎರಡೆಂದು ಎಣಿಸುತ್ತಾರೆ, ಸರಿಯಾದ ಉತ್ತರ ಕೈಯಲ್ಲಿದ್ದೂ ನೀವೇ ತಬ್ಬಿಬ್ಬಾಗುತ್ತೀರಿ.

ಬೇರೆ ದಾರಿಗಳು

ಒಂದೇ ಪುಸ್ತಕ ಸಿಕ್ಕಿದ ಸಭೆಯಲ್ಲಿ ಚೀಟಿಯ ಉಪಾಯ ಕೆಲಸಕ್ಕೆ ಬರುತ್ತದೆ. ಒಂದೇ ಬಗೆಯ ಎರಡು ಉದ್ದನೆಯ ರಟ್ಟಿನ ಚೀಟಿಗಳಿರಲಿ. ಇಣುಕಿದ ಪುಟದಲ್ಲಿ ಒಂದನ್ನು ಗುಟ್ಟಾಗಿ ಇಟ್ಟು, ಅದರ ತುದಿ ಪುಸ್ತಕದ ಕೆಳ ಅಂಚಿನಿಂದ ಎರಡು ಬೆರಳಿನಷ್ಟು ಹೊರಬಂದಿರುವಂತೆ ನೋಡಿಕೊಂಡು, ಆ ಭಾಗವನ್ನು ಅಂಗೈಯಿಂದ ಮುಚ್ಚಿ ಹಿಡಿಯಿರಿ. ಪ್ರೇಕ್ಷಕರು ಎರಡನೆಯ ಚೀಟಿಯನ್ನು ಮೇಲಿನ ಅಂಚಿನಿಂದ ತಮಗೆ ಬೇಕಾದಲ್ಲಿ ತೂರಿಸಲಿ. ಪುಸ್ತಕವನ್ನು ಇನ್ನೊಬ್ಬರಿಗೆ ಕೊಡಲು ತಿರುಗುವಾಗ ಅವರ ಚೀಟಿಯನ್ನು ಪೂರ್ತಿ ಒಳಗೆ ತಳ್ಳಿ, ಪುಸ್ತಕದ ತುದಿಯನ್ನು ಅದಲು ಬದಲು ಮಾಡಿದರೆ ಈಗ ಹೊರಗೆ ಕಾಣುವುದು ನಿಮ್ಮ ಚೀಟಿ. ಹೇಳುವುದಕ್ಕೆ ಸುಲಭ, ಆದರೆ ಆ ತಿರುಗುವಿಕೆಗೆ ಕಾರಣವಿರಬೇಕು. ಇಬ್ಬರು ಸಹಾಯಕರನ್ನು ನಿಮ್ಮ ಎರಡು ಬದಿಗೆ ನಿಲ್ಲಿಸಿಕೊಂಡರೆ ಒಬ್ಬರಿಂದ ಇನ್ನೊಬ್ಬರ ಕಡೆಗೆ ತಿರುಗುವುದೇ ಕಾರಣವಾಗುತ್ತದೆ.

1089ರ ಲೆಕ್ಕವನ್ನು ಬಹಳ ಮಂದಿ ಮೊದಲು ಕಲಿಯುತ್ತಾರೆ. ಮೂರಂಕಿಯ ಸಂಖ್ಯೆಯೊಂದನ್ನು ಬರೆದು, ಅದನ್ನು ತಿರುಗಿಸಿ ಬರೆದು, ದೊಡ್ಡದರಿಂದ ಚಿಕ್ಕದನ್ನು ಕಳೆದು, ಬಂದ ಉತ್ತರವನ್ನು ಮತ್ತೆ ತಿರುಗಿಸಿ ಕೂಡಿದರೆ 1089 ಬರುತ್ತದೆ. 108ನೆಯ ಪುಟ, 9ನೆಯ ಸಾಲು ಎಂದು ಬಳಸಿಕೊಳ್ಳಬಹುದು. ಕಳೆದಾಗ ಬರುವುದು ಯಾವಾಗಲೂ 99ರ ಗುಣಕವಾದ್ದರಿಂದ ಇದು ಹೀಗಾಗುತ್ತದೆ. ಷರತ್ತೆಂದರೆ ಮೊದಲ ಮತ್ತು ಕೊನೆಯ ಅಂಕಿಗಳ ನಡುವೆ ಕನಿಷ್ಠ ಎರಡರ ವ್ಯತ್ಯಾಸವಿರಬೇಕು. ಒಂದರ ವ್ಯತ್ಯಾಸವಿದ್ದರೆ ಉತ್ತರ 99 ಬರುತ್ತದೆ. ಅದನ್ನು 099 ಎಂದು ಬರೆಯದೆ 99ಕ್ಕೆ 99 ಕೂಡಿದವರಿಗೆ 198 ಸಿಗುತ್ತದೆ, ನಿಮಗೆ ಬೆವರು. ನನಗೆ ಈ ದಾರಿ ಇಷ್ಟವಿಲ್ಲ. ಮನಸ್ಸು ಓದುವವನು ಪ್ರೇಕ್ಷಕರಿಂದ ಕೂಡಿಸಿ ಕಳೆಸುವುದೇಕೆ ಎಂಬ ಪ್ರಶ್ನೆಗೆ ಒಳ್ಳೆಯ ಉತ್ತರವಿಲ್ಲ, ಮತ್ತು ಸಭೆಯಲ್ಲಿ ಒಬ್ಬರಿಗಾದರೂ ಈ ಲೆಕ್ಕ ಗೊತ್ತಿರುತ್ತದೆ.

ಪುಸ್ತಕವನ್ನು ನೀವು ಮುಟ್ಟಲೇಬಾರದೆಂದಿದ್ದರೆ ಚೀಟಿ ಹರಿಯುವ ಹಳೆಯ ತಂತ್ರವಿದೆ. ಪ್ರೇಕ್ಷಕರು ಯಾವುದಾದರೂ ಪುಟದ ಪದವನ್ನು ಸಣ್ಣ ಕಾಗದದ ನಡುವೆ ಬರೆದು ನಾಲ್ಕು ಮಡಿಕೆಯಾಗಿ ಮಡಿಸುತ್ತಾರೆ. ನೀವು ಅದನ್ನು ಹರಿದು ಚೂರು ಮಾಡುವಾಗ ಮಧ್ಯದ ಮೂಲೆಯ ತುಣುಕು ಬೆರಳ ಹಿಂದೆ ಉಳಿಯುತ್ತದೆ. ಅದನ್ನು ಗುಟ್ಟಾಗಿ ಬಿಡಿಸಿ ಓದಲು ಬೇಕಾದ ಧೈರ್ಯ ಮತ್ತು ಅಭ್ಯಾಸ ಬೇರೆಯದೇ ಲೇಖನಕ್ಕೆ ವಸ್ತು.

ತಪ್ಪಿದರೆ, ಮುಗಿದ ಮೇಲೆ

ಹಿಂದಿನ ಸಾಲಿನವರು ತಪ್ಪು ಪುಟ ತೆರೆಯುವುದು ಸಾಮಾನ್ಯ. ಮುಖದಲ್ಲಿ ಗೊಂದಲ ಕಂಡರೆ ಪದವನ್ನು ಹೇಳುವ ಮೊದಲೇ "ಇನ್ನೊಬ್ಬರು ಪಕ್ಕದಿಂದ ಪುಟಸಂಖ್ಯೆಯನ್ನು ನೋಡಿ ಖಚಿತಪಡಿಸಿ" ಎನ್ನಿ. ಆದರೂ ತಪ್ಪಿದರೆ ವಾದಿಸಬೇಡಿ. "ಇವರ ಮನಸ್ಸು ನನಗೆ ದಕ್ಕಲಿಲ್ಲ" ಎಂದು ಒಪ್ಪಿಕೊಂಡು ಮೂರನೆಯ ಪುಸ್ತಕಕ್ಕೆ ಹೋಗಿ ಚೀಟಿಯ ಉಪಾಯ ಹೂಡಿ. ಒಮ್ಮೆ ಸೋತವನು ಆಮೇಲೆ ಗೆದ್ದರೆ ಸಭೆ ಹೆಚ್ಚು ನಂಬುತ್ತದೆ ಎಂಬುದು ನನ್ನ ಅನುಭವ. ಹಾಗೆಂದು ಬೇಕೆಂದೇ ಸೋಲುವ ಅಗತ್ಯವೂ ಇಲ್ಲ. ಎಲ್ಲವೂ ಸರಿಹೋದ ದಿನ ಅದೇ ಸಭೆಯಲ್ಲಿ ಅದೇ ಕ್ರಮವನ್ನು ಮತ್ತೊಮ್ಮೆ ಮಾಡಬೇಡಿ, ಎಷ್ಟೇ ಒತ್ತಾಯಿಸಲಿ. ಎರಡನೆಯ ಬಾರಿ ಎಲ್ಲರ ಕಣ್ಣೂ ಪುಟಸಂಖ್ಯೆಯ ಮೇಲಿರುತ್ತದೆ.

ಕಾರ್ಯಕ್ರಮದ ನಂತರ ಒಬ್ಬರಾದರೂ ಬಂದು ತೀರಿಕೊಂಡವರ ಬಗ್ಗೆ, ಕಳೆದುಹೋದವರ ಬಗ್ಗೆ ಏನಾದರೂ ಹೇಳಬಲ್ಲಿರಾ ಎಂದು ತಗ್ಗಿದ ದನಿಯಲ್ಲಿ ಕೇಳುತ್ತಾರೆ. ಆಗ ನಟನೆಯನ್ನು ಅಲ್ಲಿಗೇ ನಿಲ್ಲಿಸಿ, ಇದು ರಂಜನೆಗಾಗಿ ಕಲಿತ ಕಲೆ, ಅಂಥ ಶಕ್ತಿ ತನಗಿಲ್ಲ ಎಂದು ನೇರವಾಗಿ ಹೇಳಬೇಕು. ತಂತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಪುಸ್ತಕಗಳನ್ನು ನಿಮ್ಮ ಕೈಯಾರೆ, ಹೆಸರು ಕೇಳಿಕೊಂಡು, ಆಯಾ ಮಾಲೀಕರಿಗೆ ಹಿಂತಿರುಗಿಸಿ. ಚೀಟಿಯ ಉಪಾಯ ಬಳಸಿದ್ದರೆ ಕೊಡುವ ಮುನ್ನ ಬೆನ್ನನ್ನು ಮೇಲೆ ಮಾಡಿ ಪುಸ್ತಕವನ್ನು ಒಮ್ಮೆ ಮೆಲ್ಲಗೆ ಕೊಡವಿ. ಒಳಗೆ ತಳ್ಳಿದ ಎರಡನೆಯ ಚೀಟಿಯನ್ನು ನೀವು ಮರೆತಿರಬಹುದು, ಆದರೆ ಅದನ್ನು ತೂರಿಸಿದವರು ಮರೆತಿರುವುದಿಲ್ಲ.